ಹಂಡೆಯ ತೂತು

ಅಂದು ನೀರು ತುಂಬುವ ಹಬ್ಬ. ಮರುದಿನ ನರಕ ಚತುರ್ದಶಿ. ಹೊಳೆಯ ದಂಡೆಯ ಮಠದ ಅಂಗಳದಲ್ಲಿ ಅಡಿವೆಪ್ಪ ಹುಣಸೆಹಣ್ಣು ಹಚ್ಚಿ ತಾಮ್ರದ ದೊಡ್ಡ ಹಂಡೆಯನ್ನು ಬೆಳಗುತ್ತಿದ್ದ. ಪ್ರತಿ ವರ್ಷವೂ ಬೆಳಗುವವನು ಅವನೇ.

ಅವನಿಗೆ ಮೂವತ್ತೆಂಟು ವರ್ಷ. ಶಿಷ್ಯನಾಗಿ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು.

ಅವನ ಗುರು ಮುಪ್ಪಿನಯ್ಯ ಅಜ್ಜಾರು ಹೊರಗೆ ಬಂದರು.

"ಹಂಡೆ ತೂತು ಮೌನಪ್ಪ ಬೆಸದು ಕೊಟ್ಟನೇನು?"

"ಕೊಟ್ಟಾನ್ರಿ ಅಜ್ಜಾರ."

ಅದು ಸುಳ್ಳು. ಹದಿನೈದು ದಿನದ ಹಿಂದೆ ಅಡಿವೆಪ್ಪ ಹಂಡೆಯನ್ನು ತಲೆಯ ಮೇಲೆ ಹೊತ್ತು ಪಟ್ಟಣದ ಕಂಚುಗಾರ ಮೌನಪ್ಪನ ಅಂಗಡಿಗೆ ಹೊರಟಿದ್ದ. ಅದರಾಚೆ ನಾಲ್ಕು ಹೆಜ್ಜೆಗೆ ಬ್ರಾಂದಿ ಅಂಗಡಿ ಇತ್ತು; ಅವನು ಮೊದಲು ಅಲ್ಲಿಗೆ ಹೋದ. ಎಚ್ಚರವಾದಾಗ ಅವನು ಬೇವಿನ ಮರದ ಕೆಳಗೆ ಮಲಗಿದ್ದ. ಮೌನಪ್ಪ ಅಂಗಡಿ ಮುಚ್ಚಿ ಮನೆಗೆ ಹೋಗಿದ್ದ. ಅಡಿವೆಪ್ಪ ಹಂಡೆಯನ್ನು ಹಾಗೆಯೇ ಹೊತ್ತು ತಂದ.

ಅಜ್ಜಾರು ಒಳಗೆ ಹೋದ ಮೇಲೆ ಅವನು ಹಿಟ್ಟು, ಸುಣ್ಣ ಕಲಸಿ ತೂತಿಗೆ ಮೆತ್ತಿದ. ಒಣಗಲು ಬಿಟ್ಟ. ಅದರ ಮೇಲೆ ಹಬ್ಬದ ಸುಣ್ಣದ ಪಟ್ಟೆ ಎಳೆದ, ಪಕ್ಕದಲ್ಲಿ ಕೆಮ್ಮಣ್ಣಿನ ಪಟ್ಟೆ. ಹಂಡೆಯ ಕೊರಳಿಗೆ ಹಬ್ಬದ ಹಿಂಡಲಕಾಯಿ ಬಳ್ಳಿ ಸುತ್ತಿದ. ಒಲೆಯ ಮೇಲಿಟ್ಟು ನೀರು ತುಂಬಿದ. ಹಂಡೆ ಮದುಮಗನ ಹಾಗೆ ಕಂಡಿತು.

ಸಂಜೆ ಅಜ್ಜಾರು ನೋಡಿದರು.

"ಈ ಸಲ ಪಟ್ಟಿ ಡೊಂಕ ಬಂದಾವಲ್ಲೋ."

"ಕುಂಚ ಸರಿ ಇಲ್ರಿ."

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ತಲೆಗೆ ಎಣ್ಣೆ ಹಚ್ಚುವವರು ಮನೆಯಲ್ಲಿ ಯಾರೂ ಇಲ್ಲದವರು ಚತುರ್ದಶಿಯ ಬೆಳಗ್ಗೆ ಅಲ್ಲಿಗೆ ಬರುತ್ತಿದ್ದರು. ಅಜ್ಜಾರು ಬಾಗಿ ಒಬ್ಬೊಬ್ಬರ ತಲೆಗೂ ಎಣ್ಣೆ ಹಚ್ಚುತ್ತಿದ್ದರು. ಆಮೇಲೆ ಹಂಡೆಯ ಬಿಸಿನೀರು.

ಅಡಿವೆಪ್ಪ ಮಾತ್ರ ಮೂರು ವರ್ಷದಿಂದ ಎಣ್ಣೆಗೆ ತಲೆ ಕೊಟ್ಟಿರಲಿಲ್ಲ. ಎಣ್ಣೆ ಹಚ್ಚುವಾಗ ಅಜ್ಜಾರ ಮುಖ ಹತ್ತಿರ ಬರುತ್ತದೆ. "ನಾ ಉರಿ ನೋಡ್ಕೋತೀನ್ರಿ" ಎಂದು ಅವನು ಒಲೆಯ ಮುಂದೆಯೇ ಕೂತುಬಿಡುತ್ತಿದ್ದ.

ಆ ಬೆಳಗ್ಗೆ ನಲವತ್ತು ಜನ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದರು. ಹೆಚ್ಚಿನವರು ಮುದುಕರು.

ಒಲೆ ಚುರ್ ಎಂದಿತು. ಮತ್ತೊಮ್ಮೆ ಚುರ್ ಎಂದಿತು. ಹೊಗೆ ಎದ್ದಿತು. ಹಂಡೆಯ ನೀರು ಧಾರೆಯಾಗಿ ಇಳಿದು ಉರಿಯನ್ನು ಆರಿಸಿತು.

"ಯಪ್ಪಾ, ನಮ್ಮಕಿಂತ ಮೊದ್ಲ ಒಲೀನ ಜಳಕ ಮಾಡ್ತಲ್ಲೋ!" ಎಂದಳು ಮುದುಕಿ ಫಕೀರವ್ವ.

ಎಲ್ಲರೂ ನಕ್ಕರು. ಒಬ್ಬ ಬಗ್ಗಿ ನೋಡಿದ.

"ಬೆಸದಿದ್ದಲ್ಲ ಇದು. ಹಿಟ್ಟು ಮೆತ್ಯಾರ."

ನಗು ನಿಂತಿತು. ಅಜ್ಜಾರು ಅಡಿವೆಪ್ಪನ ಕಡೆ ನೋಡಿದರು.

ಅಡಿವೆಪ್ಪ ಎದ್ದು ಹೋಗಿ ಹಿಂದಿನ ಕೊಟ್ಟಿಗೆಯಲ್ಲಿ ಕೂತ. ಅಜ್ಜಾರು "ಹೊಳಿಗೆ ನಡೀರಿ" ಎನ್ನುವುದು ಕೇಳಿಸಿತು. ನಲವತ್ತು ಜನರ ಹೆಜ್ಜೆ ಕೇಳಿಸಿತು. ಅವನು ಕಿವಿ ಮುಚ್ಚಿಕೊಂಡ.

ಬಿಸಿಲು ಬಂದ ಮೇಲೆ ಅಜ್ಜಾರು ಕೊಟ್ಟಿಗೆಗೆ ಬಂದರು. ಅವರ ಜಡೆ ಇನ್ನೂ ಒದ್ದೆಯಾಗಿತ್ತು.

ಅಡಿವೆಪ್ಪ ಎದ್ದು ನಿಂತ. ಬಾಯಿಗೆ ಅಂಗೈ ಅಡ್ಡ ಹಿಡಿದು ಏನೋ ಹೇಳಿದ.

"ಕೈ ತಗಿ," ಎಂದರು ಅಜ್ಜಾರು. "ಮಾತು ತಿಳಿಯವಲ್ದು."

ಅವನು ಕೈ ತೆಗೆದ. ಅಜ್ಜಾರು ಮುಖ ಹಿಂದಕ್ಕೆ ಸರಿಸಲಿಲ್ಲ.

"ಹೇಳಬೇಕಂತ ಇದ್ದೆ ರೀ. ಪಂಚಮಿ ಮುಗೀಲಿ ಅಂದೆ. ಆಮ್ಯಾಲ ದಸರಾ ಮುಗೀಲಿ ಅಂದೆ. ಹಬ್ಬದಾಗ ಯಾಕ ಎಲ್ಲಾರ ಬಾಯಿ ಕಹಿ ಮಾಡೂದು ಅಂತ..."

"ದೀಪಾವಳಿ ಮುಗದ ಮ್ಯಾಲ ಏನೈತಿ?"

"ಕಾರ್ತೀಕ ಐತ್ರಿ."

"ಅದರ ಮ್ಯಾಲ?"

"ಸಂಕ್ರಾಂತಿ."

"ಹಬ್ಬ ಮುಗದದ್ದು ನಾನೂ ಇನ್ನ ನೋಡಿಲ್ಲ," ಎಂದರು ಅಜ್ಜಾರು.

ಅಡಿವೆಪ್ಪ ಅವರ ಕಾಲು ಮುಟ್ಟಿದ.

"ನನ್ನ ಕೈಲೆ ಆಗವಲ್ದ್ರಿ. ನಾಕು ಸಲ ಬಿಟ್ಟೆ. ಗದ್ದುಗಿ ಮುಟ್ಟಿ ಆಣಿ ಮಾಡಿದೆ. ಎರಡು ದಿನಕ್ಕ ಕೈ ನಡಗಾಕ ಹತ್ತತಾವ. ನೀವ ಏನಾರ ಮಾಡ್ರಿ. ವಿಭೂತಿ ಹಚ್ಚರಿ. ತಾಯಿತ ಕಟ್ಟರಿ. ಹೊಡೀರಿ ಬೇಕಾದ್ರ."

ಅಜ್ಜಾರು ಅವನ ಕೈ ಹಿಡಿದು ಒಲೆಯ ಹತ್ತಿರ ಕರೆದುಕೊಂಡು ಬಂದರು. ಹಂಡೆ ಖಾಲಿಯಾಗಿ ನಿಂತಿತ್ತು.

"ನಾ ವಿಭೂತಿ ಹಚ್ಚಿದರ ಈ ತೂತು ಮುಚ್ಚತೈತೇನು?"

"ಇಲ್ರಿ."

"ನೀ ಹಿಟ್ಟು ಮೆತ್ತಿದಿ. ನನಗ ಬೂದಿ ಮೆತ್ತು ಅಂತೀ."

ಅವರು ಬಗ್ಗಿ ಹಂಡೆಯ ಒಂದು ಹಿಡಿಕೆ ಹಿಡಿದರು.

"ಆ ಕಡೆ ನೀ ಹಿಡಿ."

"ಎಲ್ಲಿಗ್ರಿ?"

"ಪಟ್ಟಣಕ್ಕ. ಹಂಡೆ ಮೌನಪ್ಪನ ಅಂಗಡಿಗೆ. ನೀ ದವಾಖಾನಿಗೆ. ಕುಡಿತ ಬಿಡಸೂ ಡಾಕ್ಟರು ಅಲ್ಲಿ ಅದಾರ."

"ಇವತ್ತರಿ? ಮೌನಪ್ಪ ಇವತ್ತು ಕುಲುಮಿ ಹಚ್ಚೂದಿಲ್ರಿ."

"ದವಾಖಾನಿಗೆ ಹಬ್ಬ ಇಲ್ಲ."

"ಊರಾಗಿಂದ ಹಾದು ಹೋಗಬೇಕ್ರಿ ಅಜ್ಜಾರ. ಮಂದಿ ನೋಡ್ತಾರ." ಅಡಿವೆಪ್ಪ ತಡವರಿಸಿದ. "ಹಂಡೆಗೆ ಒಂದು ಅರಿವಿ ಹೊಚ್ಚೋಣ್ರಿ."

"ಅದಕ್ಕೇನು ಚಳಿ ಆಗವಲ್ದು."

ಇಬ್ಬರೂ ಹಂಡೆ ಹಿಡಿದು ಊರೊಳಗೆ ನಡೆದರು. ಬಾಗಿಲು ಬಾಗಿಲಿಗೂ ರಂಗೋಲಿ. ಪಟಾಕಿಯ ಹೊಗೆ. ಹಂಡೆಯ ಒಂದು ಕಡೆ ಸುಣ್ಣದ ಪಟ್ಟೆ, ಇನ್ನೊಂದು ಕಡೆ ಮಸಿ, ಬಾಡಿದ ಬಳ್ಳಿ. ಅದನ್ನು ಎಲ್ಲರೂ ನೋಡಿದರು. ಅಡಿವೆಪ್ಪ ಯಾರನ್ನೂ ನೋಡಲಿಲ್ಲ.

ಫಕೀರವ್ವ ಕಟ್ಟೆಯ ಮೇಲೆ ಕೂತು ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದಳು.

"ಅಜ್ಜಾರ, ಹಬ್ಬದ ದಿನ ಹಂಡೆ ಮೆರವಣಿಗಿ ಎತ್ತಾಗ ಹೊಂಟತಿ?"

ಅಜ್ಜಾರು ಹಂಡೆ ಕೆಳಗಿಟ್ಟರು. ಕಟ್ಟೆಯ ತುದಿಗೆ ಕೂತು, ಮುಳ್ಳು ಚುಚ್ಚಿದವರ ಹಾಗೆ, ತಮ್ಮ ಅಂಗಾಲು ನೋಡತೊಡಗಿದರು. ಬಹಳ ಹೊತ್ತು ನೋಡಿದರು.

"ಬೆಸಿಯಾಕ ಒಯ್ಯಾಕತ್ತೀವಬೇ," ಎಂದ ಅಡಿವೆಪ್ಪ.

ಅಜ್ಜಾರು ಇನ್ನೂ ಅಂಗಾಲು ನೋಡುತ್ತಿದ್ದರು.

"ಮತ್ತ..." ಅವನು ಹಂಡೆಯ ಹಿಡಿಕೆ ಬಿಟ್ಟು ನೆಟ್ಟಗೆ ನಿಂತ. "ನಾ ಕುಡೀತೀನಬೇ. ಹಂಡೆ ಬೆಸಸ್ತೀನಂತ ಹೋಗಿ ಕುಡದು ಬಂದೆ. ನನಗ ಬಿಡಾಕ ಆಗವಲ್ದು. ದವಾಖಾನಿಗೆ ಹೊಂಟೀನಿ."

ಫಕೀರವ್ವನ ಬಾಚಣಿಗೆ ನಿಂತಿತು. ಎದುರುಮನೆಯ ಬಾಗಿಲಲ್ಲಿ ನಿಂತಿದ್ದವರು ಒಳಗೆ ಸರಿದರು.

"ಕುಡೀತಿ ಅನ್ನೂದು ಗೊತ್ತೈತಿ," ಎಂದಳು ಅವಳು. "ನನಗ ಮುಪ್ಪಾಗೇತಿ, ನನ್ನ ಮೂಗಿಗಲ್ಲ."

ಅವಳು ಎದ್ದು ಒಳಗೆ ಹೋದಳು. ಅಡಿವೆಪ್ಪ ಹಂಡೆಯ ಹಿಡಿಕೆ ಹಿಡಿದು ಹೊರಡಲು ಬಗ್ಗಿದ. ಅವಳು ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬಂದಳು.

"ಒಣ ತಲೀಲೆ ಊರು ದಾಟ್ತಾರೇನೋ, ಹಬ್ಬದ ದಿನ? ಕುಂಡ್ರು."

ಅವನು ಕೂತ. ಫಕೀರವ್ವ ಬಾಗಿದಳು. ಅವಳ ಮುಖ ಹತ್ತಿರ ಬಂತು. ಅವನು ಉಸಿರು ಬಿಗಿಹಿಡಿದ. ಬಹಳ ಹೊತ್ತು ಹಿಡಿಯಲಾಗಲಿಲ್ಲ.

ಅವಳು ನಡುನೆತ್ತಿಗೆ ಎಣ್ಣೆ ತಟ್ಟಿದಳು, ಮೂರು ಸಲ. "ಹೋಗಿ ಬಾ," ಎಂದಳು.

ಅಜ್ಜಾರು ಅಂಗಾಲು ಕೆಳಗಿಟ್ಟು ಎದ್ದರು.

ಮೌನಪ್ಪನ ಅಂಗಡಿ ಮುಚ್ಚಿತ್ತು. ಹಂಡೆಯನ್ನು ಬಾಗಿಲ ಮುಂದೆ ಬೋರಲು ಹಾಕಿ ಅವರು ದವಾಖಾನೆಗೆ ನಡೆದರು. ಬ್ರಾಂದಿ ಅಂಗಡಿ ಅದೇ ದಾರಿಯಲ್ಲಿತ್ತು. ಅದರ ಮುಂದೆ ಬಂದಾಗ ಅಡಿವೆಪ್ಪ ಅಜ್ಜಾರ ಕೈ ಹಿಡಿದುಕೊಂಡ, ದಾಟಿದ ಮೇಲೂ ಬಿಡಲಿಲ್ಲ.

ದವಾಖಾನೆಯಲ್ಲಿ ಮೇಜಿನ ಹಿಂದೆ ಒಬ್ಬಳು ನರ್ಸ್ ಇದ್ದಳು. ಅವಳು ದಣಿದು ಏದುಸಿರು ಬಿಡುತ್ತಿದ್ದ ಮುದುಕನನ್ನು ನೋಡಿದಳು, ಎಣ್ಣೆ ಇಳಿಯುತ್ತಿದ್ದ ಅಡಿವೆಪ್ಪನ ಹಣೆಯನ್ನು ನೋಡಿದಳು.

"ಪೇಶಂಟ್ ಯಾರು?"

"ನಾನ್ರಿ," ಎಂದ ಅಡಿವೆಪ್ಪ.

ಅವಳು ಹೆಸರು ಬರೆದುಕೊಂಡಳು. ಎಷ್ಟು ವರ್ಷದಿಂದ ಎಂದು ಕೇಳಿದಳು, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿದಳು. ಅವನು ಎರಡಕ್ಕೂ ನಿಜ ಹೇಳಿದ. ಇಪ್ಪತ್ತೊಂದು ದಿನ ಇರಬೇಕಾಗುತ್ತದೆ ಎಂದು ಹೇಳಿ ಅವಳು ವಾರ್ಡಿನ ಬಾಗಿಲು ತೋರಿಸಿದಳು.

ಬಾಗಿಲವರೆಗೆ ಹೋಗಿ ಅಡಿವೆಪ್ಪ ತಿರುಗಿ ನಿಂತ.

"ಅಜ್ಜಾರ, ನಲವತ್ತು ಮಂದಿ. ಎಲ್ಲಾ ವಯಸ್ಸಾದವರು. ಆ ಚಳ್ಯಾಗ ಅಷ್ಟೂ ಮಂದೀನ ಹೊಳಿಗೆ ಇಳಿಸಿದೆ ನಾ. ನಿಮ್ಮನ್ನೂ ಇಳಿಸಿದೆ."

"ಇಳದಿವಿ," ಎಂದರು ಅಜ್ಜಾರು. "ಹೊಳಿ ನೀರು ಬೆಚ್ಚಗಿತ್ತು."