ಎರಡೂ ಕಡೆಯಿಂದ ಕೂಗಿದವನು

ಗಾಯವಾಗಿ ಬಾವು ಬಂದ ಜಾಗಕ್ಕೆ ಬಿಳಿ ರಕ್ತಕಣಗಳನ್ನು ಕೂಗಿ ಕರೆಯುವುದು ಒಂದು ಪ್ರೋಟೀನಿನ ಕುಲಕಸುಬು. ಆ ಕುಲದವನೊಬ್ಬ ಮನುಷ್ಯನ ಮೈಯಲ್ಲಿ ಹುಟ್ಟದೆ, ಪ್ರಯೋಗಾಲಯದ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಹುಟ್ಟಿ, ಪುಡಿಯಾಗಿ ಶೀಶೆಯಲ್ಲಿ ಕೂತಿದ್ದ. ತನ್ನ ಕೂಗಿಗೆ ಒಮ್ಮೆಯಾದರೂ ಯಾರಾದರೂ ಓಗೊಟ್ಟು ಬರಬೇಕೆಂಬುದೊಂದೇ ಅವನ ಆಸೆ.

ಕೊನೆಗೊಂದು ದಿನ ಅವನನ್ನು ನೀರಿನಲ್ಲಿ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಜರಡಿಯೊಂದರ ಕೆಳಗಿನ ಬಟ್ಟಲಿಗೆ ಬಿಟ್ಟರು. ಜರಡಿಯ ಮೇಲೆ ಯಾರದೋ ರಕ್ತದಿಂದ ತೆಗೆದ ಬಿಳಿಕಣಗಳು ಕೂತಿದ್ದವು.

"ಕೆಳಗೇ ಇದ್ದು ಕರೆ ತಮ್ಮಾ," ಎಂದಿತು ಜರಡಿ. "ದನಿ ಯಾವ ಕಡೆ ಜೋರೋ, ಆ ಕಡೆಗೆ ಅವರು ನಡೆಯೋದು."

"ಮೈತುಂಬ ತೂತಿರೋ ನೀನು ನನಗೆ ಕೂಗೋದು ಕಲಿಸ್ತೀಯಾ? ನಮ್ಮ ಕುಲದವರು ಕೂಗಿದರೆ ಮೂಳೆಯೊಳಗೆ ಮಲಗಿದವರೂ ಎದ್ದು ಬರ್ತಾರೆ."

ಹೀಗೆಂದವನೇ ತೂತುಗಳಲ್ಲಿ ನುಗ್ಗಿ ಮೇಲಕ್ಕೂ ಹರಡಿಕೊಂಡು, ಕಣಗಳ ಕಿವಿಯ ಬುಡದಲ್ಲೇ ನಿಂತು ಕೂಗಿದ. ಕೆಳಗೆ ಉಳಿದ ಅವನ ಪಾಲೂ ಅಷ್ಟೇ ಜೋರಾಗಿ ಕೂಗಿತು.

ಬಿಳಿಕಣಗಳು ದಡಬಡಿಸಿ ಎದ್ದವು. "ಎಲ್ಲಿಗೆ ಬರಬೇಕಪ್ಪಾ?" ಎಂದಿತು ಹಿರಿಯ ಕಣ.

"ಇಲ್ಲಿಗೆ," ಎಂದ ಮೇಲಿದ್ದವನು.

"ಇಲ್ಲಿಗೆ," ಎಂದ ಕೆಳಗಿದ್ದವನು.

ಕಣಗಳು ಅತ್ತಿತ್ತ ತಡಕಾಡಿ ಮತ್ತೆ ಅಲ್ಲೇ ಕೂತವು. ಮೈಯಿಂದ ಹೊರಬಿದ್ದ ಅವಕ್ಕೆ ಆಯುಷ್ಯ ಕಡಿಮೆ. ಸಂಜೆಯ ಹೊತ್ತಿಗೆ ಒಂದೊಂದಾಗಿ ತಣ್ಣಗಾದವು. ಅವನು ಮೇಲಿನ ಕೂಗನ್ನು ಹಿಂದಕ್ಕೆ ಸೆಳೆಯಲು ನೋಡಿದ. ಬೆರೆತ ನೀರು ಬೇರೆಯಾಗಲಿಲ್ಲ.

"ನಾನು ಒಂದೇ ಕಡೆ ನಿಂತಿದ್ದರೆ ಬರ್ತಿದ್ದರಾ, ಜರಡಿಯಣ್ಣಾ?"

"ಅವರು ಬರೋದಕ್ಕೇ ಕಾದು ಕೂತಿದ್ದರು," ಎಂದಿತು ಜರಡಿ.