ಬಂದರಿನ ಕಂಬ ಮುಚ್ಚಿಟ್ಟ ಗುರುತು

ಗ್ರೀಕರ ಥೆಸಲೋನಿಕಿ ಬಂದರಿನಲ್ಲಿ ಹಡಗು ಕಟ್ಟಲು ನೆಟ್ಟ ಒಂದು ಅಮೃತಶಿಲೆಯ ಕಂಬವಿತ್ತು. ಅದು ಮೊದಲು ಗುಡಿಯಲ್ಲಿ, ಆಮೇಲೆ ಚರ್ಚಿನಲ್ಲಿ, ಅದಾದ ಮೇಲೆ ಮಸೀದಿಯಲ್ಲಿ ಚಾವಣಿ ಹೊತ್ತು ಬಂದದ್ದು. ಊರು ಆಳಲು ಬಂದವರೆಲ್ಲ ಅದರ ಮೈಮೇಲೆ ತಮ್ಮ ಗುರುತು ಕೆತ್ತಿದ್ದರು. ಈಗ ಆಳುವವರು ಹಳಬರ ಆ ಗುರುತುಗಳನ್ನು ಕಂಡರೆ ತನ್ನನ್ನು ಸುಟ್ಟು ಸುಣ್ಣ ಮಾಡುವ ಗೂಡಿಗೆ ಹಾಕಿಯಾರೆಂದು ಕಂಬಕ್ಕೆ ಒಳಗೊಳಗೇ ದಿಗಿಲು. ಮೈಗೆ ಪಾಚಿ ಹತ್ತಿದಷ್ಟೂ ಅದಕ್ಕೆ ನೆಮ್ಮದಿ.

ಒಂದು ಸಂಜೆ ಬಿರುಗಾಳಿಗೆ ಸಿಕ್ಕ ಹಡಗಿನವರು ಹಗ್ಗ ಎಸೆದರು. ಹಗ್ಗ ಕಂಬದ ನುಣುಪು ತುದಿಯಲ್ಲಿ ಜಾರತೊಡಗಿತು.

"ಅಯ್ಯಾ, ಹಿಡಿತ ಸಿಗುತ್ತಿಲ್ಲ. ಹಡಗು ಬಂಡೆಗೆ ಬಡಿಯುತ್ತದೆ," ಎಂದಿತು ಹಗ್ಗ.

ಕಂಬ ಬಂಡೆಯತ್ತ ಸರಿಯುತ್ತಿದ್ದ ಹಡಗನ್ನು ನೋಡಿತು. ಆಮೇಲೆ, "ಕೆಳಗಿಳಿ. ಪಾಚಿಯಡಿ ಕೆತ್ತನೆಗಳಿವೆ. ಯಾರವೆಂದು ಮಾತ್ರ ಕೇಳಬೇಡ," ಎಂದಿತು.

ಹಗ್ಗ ಪಾಚಿಯನ್ನು ಉಜ್ಜುತ್ತ ಇಳಿದು, ಗುಡಿಯ ಬಳ್ಳಿಗೆ, ಚರ್ಚಿನ ಶಿಲುಬೆಗೆ, ಮಸೀದಿಯ ಚಂದ್ರನಿಗೆ ಸುತ್ತಿಕೊಂಡು ಬಿಗಿಯಿತು. ಹಡಗು ನಿಂತಿತು.

"ಯಾರವಾದರೇನು," ಎಂದಿತು ಹಗ್ಗ. "ಇವುಗಳಲ್ಲಿ ಒಂದು ಇಲ್ಲದಿದ್ದರೂ ನಾನು ಜಾರುತ್ತಿದ್ದೆ."

ಬೆಳಗ್ಗೆ ಕಲ್ಲುಕುಟಿಗನೊಬ್ಬ ಉಳಿ ಹಿಡಿದು ಬಂದಾಗ ಕಂಬಕ್ಕೆ ಸುಣ್ಣದ ಗೂಡು ನೆನಪಾಯಿತು. ಅವನು ಬಯಲಾಗಿ ಹಗ್ಗವನ್ನು ಹಿಡಿದಿದ್ದ ಗುರುತುಗಳನ್ನು ಬೆರಳಿಂದ ಸವರಿ ನೋಡಿದ. ಆಮೇಲೆ ಪಕ್ಕದಲ್ಲಿ ಹೊಸದಾಗಿ ನೆಟ್ಟ ನುಣುಪು ಕಂಬದ ಮೇಲೂ ಹಗ್ಗ ಜಾರದಿರಲೆಂದು ಅವನ್ನೇ ಕೆತ್ತಲು ಕುಳಿತ.