ಶುದ್ಧಿ ಎಂದು ಬರೆದ ಮಡಕೆ

ಶಿಷ್ಯ ಕೇಳಿದ: "ಗುರುಗಳೇ, ಇನ್ನೂರು ಸರ್ವರ್‌ಗಳು ಹೇಗಿರಬೇಕೆಂದು ಒಂದೇ ಕಡೆ ಬರೆದು ಸಾಫ್ಟ್‌ವೇರ್‌ಗೆ ಒಪ್ಪಿಸುತ್ತೇನೆ. ಅದು ಓದಿ ಎಲ್ಲವನ್ನೂ ಹಾಗೆಯೇ ಸಜ್ಜು ಮಾಡುತ್ತದೆ. ಮೊನ್ನೆ ಅದರ ಹೊಸ ಆವೃತ್ತಿ ಹಾಕಿದೆ. ಅಂದಿನಿಂದ ಒಂದು ಸಾಲಿಗೆ ಬಂದು 'ಈ ಫಂಕ್ಷನ್ ನನಗೆ ಗೊತ್ತಿಲ್ಲ' ಎಂದು ಮುಷ್ಕರ ಹೂಡುತ್ತಿದೆ. ನಾನು ಕೊಟ್ಟ ವಿವರ ಸರಿಯಿದೆಯೇ ಎಂದು ನೋಡುವ ಫಂಕ್ಷನ್ ಅದು, ಬೇರೇನೂ ಮಾಡುವುದಿಲ್ಲ. ಅದೇ ಹೆಸರಿನಲ್ಲಿ ಖಾಲಿ ಫಂಕ್ಷನ್ ಒಂದನ್ನು ಬರೆದಿಟ್ಟು ಬಾಯಿ ಮುಚ್ಚಿಸಲೇ?"

ಗುರು ಹೇಳಿದರು: "ನಮ್ಮ ಅಜ್ಜ ಕಣ್ಣಾರೆ ಕಂಡ ಸಂಗತಿ ಹೇಳುತ್ತೇನೆ, ಕೇಳು. ಅಜ್ಜ ಹುಟ್ಟುವುದಕ್ಕೆ ಸ್ವಲ್ಪ ಮೊದಲು ನಡೆದದ್ದು, ಅಷ್ಟೇ ವ್ಯತ್ಯಾಸ."

ಒಬ್ಬ ವ್ಯಾಪಾರಿಗೆ ಹನ್ನೆರಡು ಊರುಗಳಲ್ಲಿ ಔಷಧದ ಅಂಗಡಿಗಳಿದ್ದವು. ವೈದ್ಯನೊಬ್ಬ ಬರೆದ ಒಂದೇ ಗ್ರಂಥದಂತೆ ಎಲ್ಲ ಕಡೆ ಮದ್ದು ಅರೆಯುತ್ತಿದ್ದರು. ಗ್ರಂಥ ಹಳತಾಯಿತು. ವ್ಯಾಪಾರಿ ಹೊಸ ಪ್ರತಿ ಮಾಡಿಸಿದ, ಅರೆಯಲು ಹೊಸಬರನ್ನಿಟ್ಟ. ಪ್ರತಿ ಮಾಡಿದವನು ಪುಸ್ತಕ ದಪ್ಪವಾಯಿತೆಂದು ಶುದ್ಧಿಯ ವಿಧಾನಗಳನ್ನು ಬೇರೆ ಸಂಪುಟವಾಗಿ ಕಟ್ಟಿದ್ದ. "ತೊಳೆಯುವುದು ಬಳಿಯುವುದು ನಮಗೇಕೆ" ಎಂದು ವ್ಯಾಪಾರಿ ಅದನ್ನು ಅವನ ಬಳಿಯೇ ಬಿಟ್ಟು ಬಂದ.

ಹೊಸ ಪ್ರತಿಯಲ್ಲಿ ಒಂದು ಸಾಲಿತ್ತು: 'ವತ್ಸನಾಭಿಯ ಬೇರನ್ನು ಶುದ್ಧಿ ಮಾಡಿ ಅರೆಯಿರಿ.' ಆ ಬೇರು ಶುದ್ಧಿಯಾದರೆ ಮದ್ದು, ಆಗದಿದ್ದರೆ ವಿಷ. ಹನ್ನೆರಡನೆಯ ಅಂಗಡಿಯಲ್ಲಿ ಅರೆಯುತ್ತಿದ್ದ ಹೆಂಗಸು ಶುದ್ಧಿಯ ವಿಧಾನವನ್ನು ಗ್ರಂಥದಲ್ಲೆಲ್ಲ ಹುಡುಕಿದಳು. ಸಿಗಲಿಲ್ಲ. ಅರೆಯುವ ಕಲ್ಲನ್ನು ಗೋಡೆಗೆ ಒರಗಿಸಿ ಕುಳಿತಳು.

ವ್ಯಾಪಾರಿ ಓಡಿ ಬಂದ. "ಉಳಿದ ಹನ್ನೊಂದು ಕಡೆ ಉಂಡೆ ಕಟ್ಟಿಯಾಗಿದೆ. ನಿನಗೊಬ್ಬಳಿಗೆ ಏನಮ್ಮಾ ಅಡ್ಡಿ?"

"ಶುದ್ಧಿ ಮಾಡಲು ಅವರಿಗೆ ಬರುತ್ತಿತ್ತೇ, ಸಾಹುಕಾರರೇ?"

"ಅವರು ಕೇಳಲಿಲ್ಲ."

ವ್ಯಾಪಾರಿ ಒಂದು ಖಾಲಿ ಮಡಕೆ ತಂದ. ಸುಣ್ಣದಲ್ಲಿ ಅದರ ಮೇಲೆ 'ಶುದ್ಧಿ' ಎಂದು ಬರೆದ. ಬೇರನ್ನು ಒಳಗೆ ಹಾಕಿ ಹೊರಗೆ ತೆಗೆದ. "ಶುದ್ಧಿಯಾಯಿತು. ಅರೆ."

ಹೆಂಗಸು ಅರೆದಳು. ಒಂದೇ ಒಂದು ಉಂಡೆ ಕಟ್ಟಿ ಅವನ ಮುಂದೆ ಹಿಡಿದಳು. "ಮೊದಲನೆಯದು ನಿಮಗೆ."

"ಕೆಲಸದಿಂದ ತೆಗೆದುಬಿಡುತ್ತೇನೆ."

"ತೆಗೆಯಿರಿ. ಇದನ್ನು ನುಂಗಿ, ಆಮೇಲೆ ತೆಗೆಯಿರಿ."

ವ್ಯಾಪಾರಿಯ ಕೈ ಬಾಯಿಯವರೆಗೆ ಹೋಯಿತು. ಬಾಯಿ ತೆರೆಯಲಿಲ್ಲ. ಉಂಡೆಗಳನ್ನು ಮಾರದಂತೆ ತಡೆಯಲು ಆ ಗಳಿಗೆಯೇ ಹನ್ನೊಂದು ಊರಿಗೂ ಕುದುರೆ ಓಡಿಸಿದ. ಹೋದ ವರ್ಷ ಇನ್ನೊಬ್ಬ ಶಿಷ್ಯನಿಗೆ ಈ ಕತೆ ಹೇಳುವಾಗ ನಾನು ಎತ್ತಿನ ಗಾಡಿ ಕಳಿಸಿದ್ದೆ, ಹೊತ್ತಿಗೆ ಮುಟ್ಟಲಿಲ್ಲ. ಈ ಸಲ ಕುದುರೆ, ಎಲ್ಲರೂ ಉಳಿದರು. ಇನ್ನೊಂದು ಕುದುರೆ ಬಿಟ್ಟುಬಂದ ಸಂಪುಟವನ್ನು ತರಲು ಹೋಯಿತು.

ಶಿಷ್ಯ ತಲೆ ಕೆರೆದುಕೊಂಡ. "ಹಾಗಾದರೆ ನನ್ನ ಫಂಕ್ಷನ್ ಕೂಡ ಬೇರೆ ಯಾವುದೋ ಸಂಪುಟಕ್ಕೆ ಹೋಗಿರಬೇಕು. ಹುಡುಕಲು ಹೊತ್ತು ಬೇಕು, ಗುರುಗಳೇ. ಮೇಲಿನವರು ನಾಳೆಗೇ ಮುಗಿಸು ಎನ್ನುತ್ತಿದ್ದಾರೆ. ಖಾಲಿಯದನ್ನು ಇಟ್ಟರೆ ಇನ್ನೂರು ಸರ್ವರ್‌ಗಳೂ ಈಗಲೇ ಸುಮ್ಮನಾಗುತ್ತವೆ."

ಗುರು ಹೇಳಿದರು: "ವಿಷ ನುಂಗಿದವನೂ ಸುಮ್ಮನಾಗುತ್ತಾನೆ."